ಕಾಫಿ ಕೊಯ್ಲಿಗೆ ಮೊದಲು ಮೂರು ತಿಂಗಳ ಮಾತ್ರೆ

ಎಚ್‌ಐವಿ ಸೋಂಕಿತರಿಗೆ ಸರ್ಕಾರದ ಉಚಿತ ಎಆರ್‌ಟಿ (ವೈರಸ್ ತಡೆಯುವ ಔಷಧಗಳ) ಚಿಕಿತ್ಸೆ 2004ರಿಂದ ಇದೆ. 2017ರಿಂದ ರಕ್ತದಲ್ಲಿ ಸಿಡಿ4 ಎಂಬ ರೋಗನಿರೋಧಕ ಕಣಗಳು ಎಷ್ಟೇ ಇರಲಿ, ಸೋಂಕು ಖಚಿತವಾದವರಿಗೆಲ್ಲ ಮಾತ್ರೆ ಶುರು ಮಾಡುತ್ತೇವೆ. ಈಗಿನದು ದಿನಕ್ಕೊಂದೇ ಮಾತ್ರೆ, ಟಿಎಲ್‌ಡಿ: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ. ಇಷ್ಟಿದ್ದೂ ಸಕಲೇಶಪುರದ ಸುತ್ತಿನ ತೋಟಗಳಲ್ಲಿ ಮಾತ್ರೆ ತಪ್ಪುತ್ತಿದ್ದುದು ಕೂಲಿಯ ಕಾರಣಕ್ಕೆ. ಮಾತ್ರೆಗಾಗಿ ಹಾಸನದ ಎಆರ್‌ಟಿ ಕೇಂದ್ರಕ್ಕೆ ಹೋಗಿಬಂದರೆ ಒಂದು ದಿನದ ದುಡಿಮೆ ಹೋಯಿತು. ತಾಲ್ಲೂಕಿನಲ್ಲೇ ಮಾತ್ರೆ ಕೊಡುವ ಉಪಕೇಂದ್ರ, ಅಂದರೆ ಲಿಂಕ್ ಎಆರ್‌ಟಿ ಕೇಂದ್ರದಿಂದ ಆ ದೂರ ಕಡಿಮೆಯಾಯಿತು, ಆದರೆ ತಿಂಗಳಿಗೊಮ್ಮೆ ಬರುವ ಕಷ್ಟ ಹಾಗೇ ಉಳಿಯಿತು.

ಹಾಗಾಗಿ ತಾರೀಖುಗಳನ್ನು ತೋಟದ ಕೆಲಸಕ್ಕೆ ಹೊಂದಿಸಿಕೊಂಡೆವು. ಅಕ್ಟೋಬರ್ ಕೊನೆಯ ವಾರ 90 ಮಾತ್ರೆ ಕೊಟ್ಟರೆ ಜನವರಿ ಮೂರನೇ ವಾರದವರೆಗೆ ಚಿಂತೆಯಿಲ್ಲ. ಅರೇಬಿಕಾ ಮುಗಿದು ರೋಬಸ್ಟಾ ಕೊಯ್ಲು ಹಿಡಿಯುವ ಆ ನಡುವೆ ಬಂದುಹೋಗಬಹುದು. ಜುಲೈಗೆ ಬೀಳುವ ಭೇಟಿಯನ್ನು ಜೂನ್ ಆರಂಭಕ್ಕೇ ಎಳೆದುಕೊಳ್ಳುತ್ತೇವೆ. ಮಳೆ ಜೋರಾದ ಮೇಲೆ ಬಸ್ಸನ್ನು ನಂಬುವಂತಿಲ್ಲ.

ಇದಕ್ಕೆ ದಾಸ್ತಾನು ಮೊದಲೇ ಬೇಕು. 60 ಜನರಿಗೆ 30 ಮಾತ್ರೆಯ ಮೂರು ಮೂರು ಡಬ್ಬಿ ಎಂದರೆ 180; ಒಂದು ತಿಂಗಳ ಮೀಸಲು 60 ಸೇರಿ 240. ಇಂಡೆಂಟ್ (ಔಷಧದ ಬೇಡಿಕೆ ಪಟ್ಟಿ) ಸೆಪ್ಟೆಂಬರ್‌ನಲ್ಲೇ ಹೋಗಬೇಕು. ಕಡಿಮೆ ಬಂದರೆ ಎಲ್ಲರಿಗೂ ಒಂದೊಂದು ತಿಂಗಳದ್ದು ಹಂಚುವುದು ನ್ಯಾಯವೆಂದು ಕಾಣುತ್ತದೆ, ಆದರೆ ಅದು ತಪ್ಪು. ದೂರದ ತೋಟಗಳ ಲೈನ್ ಮನೆಯ (ಕೂಲಿಯವರ ಸಾಲುಮನೆಯ) ಜನರಿಗೆ ಮೂರು ತಿಂಗಳದ್ದು ಕೊಟ್ಟು, ಪೇಟೆಯವರನ್ನು ಇನ್ನೊಮ್ಮೆ ಕರೆಯಬೇಕು.

ಹೊಸದಾಗಿ ಶುರು ಮಾಡಿದವರಿಗೆ, ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) 1000 ದಾಟಿದವರಿಗೆ ನಾವು ಮೂರು ತಿಂಗಳದ್ದು ಕೊಡುವುದಿಲ್ಲ. ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ವರ್ಷಕ್ಕೊಮ್ಮೆ ವೈರಲ್ ಲೋಡ್ ಪರೀಕ್ಷೆ. ಕೆಮ್ಮು, ಜ್ವರ, ತೂಕ ಇಳಿತ, ರಾತ್ರಿ ಬೆವರು, ಈ ನಾಲ್ಕನ್ನು ಪ್ರತಿ ಭೇಟಿಯಲ್ಲೂ ಕೇಳಲೇಬೇಕು. ಒಂದಕ್ಕೆ ಹೌದೆಂದರೂ ಮೊದಲು ಕ್ಷಯದ ತಪಾಸಣೆ. ರಿಫಾಂಪಿಸಿನ್ ಇರುವ ಕ್ಷಯ ಚಿಕಿತ್ಸೆ ಶುರುವಾದರೆ ಟಿಎಲ್‌ಡಿಯ ಜೊತೆಗೆ, 12 ಗಂಟೆ ಬಿಟ್ಟು, ಡೊಲುಟೆಗ್ರಾವಿರ್ 50 ಇನ್ನೊಂದು ಬೇಕು. ಕ್ಷಯದ ಮಾತ್ರೆ ಮುಗಿದ ಮೇಲೂ ಎರಡು ವಾರ ಈ ಹೆಚ್ಚಿನ ಡೊಲುಟೆಗ್ರಾವಿರ್ ನಿಲ್ಲಿಸಬಾರದು.

ಮಾತ್ರೆ ಎಣಿಸುವುದನ್ನು ಬಿಡಬೇಡಿ. 90 ಒಯ್ದವರು 84ನೇ ದಿನ ಬಂದರೆ ಆರು ಉಳಿದಿರಬೇಕು. ಹದಿನೈದು ಉಳಿದಿದ್ದರೆ ನುಂಗಿದ್ದು 75, ಅಂದರೆ ಶೇ 89. ಬೇಕಾದದ್ದು ಶೇ 95ಕ್ಕೆ ಮೇಲೆ. ಆಗ ಗದರಿದರೆ ಮುಂದಿನ ಸಲ ಉಳಿದದ್ದನ್ನು ಮನೆಯಲ್ಲೇ ಬಿಟ್ಟು ಖಾಲಿ ಡಬ್ಬಿ ತರುತ್ತಾರೆ. "ಯಾವ ಹೊತ್ತಿಗೆ ತಪ್ಪಿತಮ್ಮ?" ಎಂದು ಕೇಳಿದರೆ ನಿಜ ಸಿಗುತ್ತದೆ. ಬೆಳಗ್ಗೆ ಕೆಲಸಕ್ಕೆ ಹೊರಡುವ ಗಡಿಬಿಡಿ ಎಂದಾದರೆ ರಾತ್ರಿ ಊಟದ ಹೊತ್ತಿಗೆ ಬದಲಿಸಿದರಾಯಿತು.

ಮಲೆನಾಡಿನ ತೇವ ಇನ್ನೊಂದು ಶತ್ರು. ಗುಟ್ಟು ಕಾಪಾಡಲು, ಡಬ್ಬಿ ಗಲಗಲ ಅನ್ನದಿರಲೆಂದು ಮಾತ್ರೆಗಳನ್ನು ಪ್ಲಾಸ್ಟಿಕ್ ಕವರಿಗೆ ಸುರಿದುಕೊಳ್ಳುತ್ತಾರೆ. ಮಳೆಗಾಲದಲ್ಲಿ ಅವು ಹಾಳಾಗುತ್ತವೆ. ಡಬ್ಬಿಯೊಳಗಿನ ತೇವ ಹೀರುವ ಪೊಟ್ಟಣ ತೆಗೆಯಬಾರದು. ನಾವು ಲೇಬಲ್ ಮೇಲೆ ಬಿಳಿ ಕಾಗದ ಅಂಟಿಸಿ, ಅವಧಿ ಮುಗಿಯುವ ತಿಂಗಳನ್ನು ಬರೆದು, ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಡುತ್ತೇವೆ.

ಬಸುರಿಯರಿಗೆ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳೂ ಇರುತ್ತವೆ. ಖಾಲಿ ಹೊಟ್ಟೆಯಲ್ಲಿ ಇವು ಡೊಲುಟೆಗ್ರಾವಿರ್ ಜೊತೆಗೂಡಿದರೆ ಔಷಧ ರಕ್ತಕ್ಕೆ ಸರಿಯಾಗಿ ಸೇರದು. ಊಟದ ಜೊತೆ ಒಟ್ಟಿಗೆ ಕೊಡಿ, ಇಲ್ಲವೇ ಟಿಎಲ್‌ಡಿಯನ್ನು ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ.

ಫೋನ್ ನಂಬರ್ ಬರೆದುಕೊಳ್ಳುವಾಗಲೇ ಯಾರು ಎತ್ತುತ್ತಾರೆ, ಏನೆಂದು ಹೇಳಬೇಕು ಎಂದು ಕೇಳಿಕೊಳ್ಳಿ. ಮೇಸ್ತ್ರಿಯ ಫೋನಿಗೆ ಹೋದ ಒಂದು ಕರೆಗೆ ಕೆಲಸವೇ ಹೋಗಬಹುದು. ಒಪ್ಪಿಗೆಯಿಲ್ಲದೆ ಸೋಂಕಿನ ವಿಷಯ ಹೊರಗೆಡಹುವುದು 2017ರ ಎಚ್‌ಐವಿ ಕಾಯ್ದೆಯಲ್ಲಿ ನಿಷಿದ್ಧ. ಕೊಯ್ಲಿಗೆ ಉತ್ತರ ಕರ್ನಾಟಕದಿಂದ ಬಂದವರು ಊರಿಗೆ ಮರಳುವಾಗ ಅವರ ಚಿಕಿತ್ಸೆಯ ಹಸಿರು ಪುಸ್ತಕ ಕೈಯಲ್ಲಿದೆಯೇ ನೋಡಿ. ವರ್ಗಾವಣೆ ಚೀಟಿ ಕೊಟ್ಟು ಸುಮ್ಮನಾಗದೆ, ಆ ಊರಿನ ಕೇಂದ್ರಕ್ಕೆ ಅವರು ತಲುಪಿದರೇ ಎಂದು ಹದಿನೈದು ದಿನಕ್ಕೊಮ್ಮೆ ವಿಚಾರಿಸುತ್ತೇವೆ. ಅಲ್ಲಿ ಹೆಸರು ದಾಖಲಾಗುವ ತನಕ ಕೇಂದ್ರದಲ್ಲಿರುವ ಅವರ ಚಿಕಿತ್ಸಾ ದಾಖಲೆ, ಬಿಳಿ ಕಾರ್ಡ್, ನಮ್ಮ ಮೇಜಿನ ಮೇಲೇ ಇರುತ್ತದೆ.