ಎಸ್ಸೆಸ್ಸೆಲ್ಸಿ ಹತ್ತಿರ ಬಂತು, ಓದಿದ್ದು ಸಾಕು, ಬರೆಯಲು ಕೂರಿ

ಫೆಬ್ರವರಿ ಬಂತು ಅಂದರೆ ಮಂಗಳೂರು, ಉಡುಪಿ ಕಡೆ ಹತ್ತನೇ ಕ್ಲಾಸಿನ ಮಕ್ಕಳಿರುವ ಮನೆಯಲ್ಲಿ ಟಿವಿ ಬಂದ್, ನೆಂಟರೂ ಬಂದ್. 2024ರ ಫಲಿತಾಂಶದಲ್ಲಿ ಉಡುಪಿ ಜಿಲ್ಲೆ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೇದು. 2025ರಲ್ಲಿ ಅದೇ ಅದಲುಬದಲು. ಹಾಗಾಗಿ ಇಲ್ಲಿ ಪಾಸಾದೆ ಅಂದರೆ ಯಾರಿಗೂ ಸಮಾಧಾನ ಇಲ್ಲ ಮಾರಾಯ್ರೆ, ಪರ್ಸೆಂಟೇಜ್ ಎಷ್ಟು ಅಂತ ಪಕ್ಕದ ಮನೆಯವರೂ ಕೇಳುತ್ತಾರೆ. ಅದು ಹಾಗಿರಲಿ. ಉಳಿದ ದಿನಗಳಲ್ಲಿ ಏನು ಮಾಡಬಹುದು ಅಂತ ನೋಡೋಣ.

ಒಟ್ಟು 625 ಅಂಕದಲ್ಲಿ 125 ಆಂತರಿಕ ಅಂಕ. ಅದು ಶಾಲೆಯಲ್ಲೇ ಹೆಚ್ಚುಕಡಿಮೆ ತೀರ್ಮಾನ ಆಗಿರುತ್ತದೆ. ನಿಮ್ಮ ಕೈಯಲ್ಲಿ ಉಳಿದಿರುವುದು ಬರೆಯುವ 500: ಪ್ರಥಮ ಭಾಷೆಗೆ 100, ಉಳಿದ ಐದಕ್ಕೆ ತಲಾ 80. "ಬರೆಯುವ" ಅಂದೆ, ಗಮನಿಸಿ. ಪುಸ್ತಕ ಹಿಡಿದು ಜಗಲಿಯಲ್ಲಿ ಅತ್ತಿತ್ತ ನಡೆಯುತ್ತಾ ಓದುವವರಿಗೆ ಎಲ್ಲ ಗೊತ್ತಿದ್ದ ಹಾಗೇ ಅನಿಸುತ್ತದೆ, ಪೆನ್ನು ಹಿಡಿದ ಮೇಲೆಯೇ ಎಲ್ಲಿ ತೂತು ಇದೆ ಅಂತ ಕಾಣುವುದು.

ಆದ್ದರಿಂದ ಮೊದಲ ಕೆಲಸ, ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆ ಮತ್ತು ಹಳೆ ಪತ್ರಿಕೆಗಳನ್ನು ಮಾದರಿ ಉತ್ತರದ ಜೊತೆಗೇ ಪ್ರಿಂಟ್ ತೆಗೆಸಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಕೂರಿ, ಮೊಬೈಲ್ ಅಮ್ಮನ ಕೈಗೆ ಕೊಡಿ, ಮೊದಲ 15 ನಿಮಿಷ ಪ್ರಶ್ನೆ ಓದುವುದಕ್ಕೆ ಇಟ್ಟು ಆಮೇಲೆ ಪೂರ್ತಿ ಬರೆಯಿರಿ, ಮಧ್ಯೆ ಎದ್ದು ಫ್ರಿಡ್ಜ್ ತೆರೆಯುವ ಹಾಗಿಲ್ಲ. ಮಧ್ಯಾಹ್ನ ಮಾದರಿ ಉತ್ತರ ಪಕ್ಕದಲ್ಲಿಟ್ಟು ಕೆಂಪು ಪೆನ್ನಿನಲ್ಲಿ ನೀವೇ ತಿದ್ದಿ. ನಿಮ್ಮ ಬಗ್ಗೆ ಸ್ವಲ್ಪ ಜಿಪುಣರಾಗಿ.

ಗಣಿತದಲ್ಲಿ ಇದರ ಲಾಭ ಜಾಸ್ತಿ. ಥೇಲ್ಸ್ ಪ್ರಮೇಯ ತೆಗೆದುಕೊಳ್ಳಿ: ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ. ಚಿತ್ರ, ದತ್ತ, ಸಾಧನೀಯ, ರಚನೆ, ಸಾಧನೆ ಅಂತ ಒಂದೊಂದಕ್ಕೂ ಅಂಕ ಹಂಚಿರುತ್ತಾರೆ. ತುಂಬಾ ಮಕ್ಕಳು ವಿಸ್ತೀರ್ಣಗಳ ಅನುಪಾತ ಎರಡು ಸಲ ಬರೆದು ನೇರ ಕೊನೆಯ ಸಾಲಿಗೆ ಹಾರುತ್ತಾರೆ. ನಡುವೆ ಒಂದು ಸಾಲು ಬೇಕು: ಆ ರೇಖೆಯ ಕೆಳಗೆ ಬರುವ ಎರಡು ತ್ರಿಭುಜಗಳು ಒಂದೇ ಪಾದದ ಮೇಲೆ, ಒಂದೇ ಜೊತೆ ಸಮಾಂತರ ರೇಖೆಗಳ ನಡುವೆ ಇವೆ, ಆದ್ದರಿಂದ ವಿಸ್ತೀರ್ಣ ಸಮ. ಇಡೀ ಸಾಧನೆ ನಿಂತಿರುವುದೇ ಆ ಸಾಲಿನ ಮೇಲೆ. ಓದುವಾಗ ಅದು ಕಣ್ಣಿಗೆ ಬೀಳುವುದಿಲ್ಲ, ಬರೆದು ತಿದ್ದುವಾಗ ಬೀಳುತ್ತದೆ. ಲೆಕ್ಕ ಅರ್ಧಕ್ಕೆ ನಿಂತರೂ ಹೊಡೆದು ಹಾಕಬೇಡಿ, ಸರಿಯಾದ ಹಂತಕ್ಕೆ ಅಂಕ ಇದೆ.

ವಿಜ್ಞಾನಕ್ಕೆ ಚಿತ್ರಗಳು. ಹೃದಯ, ಮೆದುಳು, ಹೂವಿನ ನೀಳಸೀಳಿಕೆ, ಮಸೂರದ ರೇಖಾಚಿತ್ರ ಎಲ್ಲ ಪೆನ್ಸಿಲಿನಲ್ಲಿ, ಭಾಗಗಳ ಹೆಸರು ಸಮೇತ. ಚಂದ ಬೇಕಿಲ್ಲ, ಗೆರೆ ಸರಿಯಾದ ಭಾಗಕ್ಕೆ ಮುಟ್ಟಿದರೆ ಆಯಿತು.

ಸಮಾಜದಲ್ಲಿ ಭಾರತದ ನಕ್ಷೆ ದಿನಾ ಒಂದು ಬಿಡಿಸಿ. ಪಶ್ಚಿಮ ಕರಾವಳಿಯ ಬಂದರುಗಳನ್ನು ಉತ್ತರದಿಂದ ಕೆಳಗೆ ಹೇಳಿಕೊಂಡು ಬನ್ನಿ: ಕಾಂಡ್ಲಾ, ಮುಂಬೈ, ಮರ್ಮಗೋವಾ, ನವಮಂಗಳೂರು, ಕೊಚ್ಚಿ. ನವಮಂಗಳೂರು ಬಂದರಿನ ಪಕ್ಕದ ಪಣಂಬೂರು ಬೀಚಿಗೆ ಹೋಗಿ ಹಡಗು ನೋಡಿ ಬಂದವರೇ ನಕ್ಷೆಯಲ್ಲಿ ನವಮಂಗಳೂರನ್ನು ಗೋವಾಕ್ಕೆ ಸಾಗಿಸುತ್ತಾರೆ!

ಕನ್ನಡ ಸುಲಭ ಅಂತ ಸುಮ್ನೆ ಬಿಡಬೇಡಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಮಾತಾಡುವವರು ನಾವು, ಒತ್ತಕ್ಷರ ದೀರ್ಘ ತಪ್ಪಿಹೋಗುತ್ತದೆ. ಛಂದಸ್ಸಿಗೆ ಮಾತ್ರ ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ: ಆಟ, ಅಂದರೆ ಯಕ್ಷಗಾನ, ನೋಡಿದವರ ಕಿವಿಯಲ್ಲಿ ಭಾಗವತರು ಹಾಡಿದ ಭಾಮಿನಿ ಷಟ್ಪದಿ ಇರುತ್ತದೆ. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ಗಣ; ಮೂರನೇ ಮತ್ತು ಆರನೇ ಸಾಲಿನಲ್ಲಿ ಇನ್ನೂ ಒಂದು ಮೂರು, ನಾಲ್ಕು, ಕೊನೆಗೆ ಒಂದು ಗುರು. ಬೆರಳಲ್ಲಿ ತಾಳ ಹಾಕಿಯೇ ಪ್ರಸ್ತಾರ ಹಾಕಬಹುದು, ಅಂದರೆ ಲಘು ಗುರು ಗುರುತಿಸಿ ಗಣ ವಿಂಗಡಿಸಬಹುದು. ಆದರೆ ಗದ್ದೆಯಲ್ಲಿ ಆಟದ ಮೈಕ್ ಬೆಳಗಿನವರೆಗೆ ಕೂಗುವ ರಾತ್ರಿ ಓದಲು ಹಟ ಹಿಡಿಯಬೇಡಿ, ಹತ್ತಿರದ ನೆಂಟರ ಮನೆಗೆ ಹೋಗಿ ಮಲಗಿ. ಮಾರ್ಚಿನ ಸೆಕೆಯಲ್ಲಿ ಮಧ್ಯಾಹ್ನದ ಓದು ತಲೆಗೆ ಹತ್ತುವುದೂ ಅಷ್ಟಕ್ಕಷ್ಟೇ. ಬೆಳಗಿನ ಜಾವ ಎದ್ದು ಕಷ್ಟದ್ದನ್ನು ಮುಗಿಸುವುದೇ ವಾಸಿ.

ಈಗ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ, ಇದು ಹೋದರೆ ಇನ್ನೊಂದು ಅನ್ನುವವರಿಗೆ ಒಂದು ಮಾತು: ಅದು ಒಳ್ಳೆಯ ವ್ಯವಸ್ಥೆಯೇ, ಆದರೆ ನಮ್ಮ ಕಡೆ ಪಿಯುಸಿ ಸೀಟಿನ ಓಡಾಟ ಮೊದಲ ಫಲಿತಾಂಶದ ಹೊತ್ತಿಗೇ ಜೋರಾಗಿರುತ್ತದೆ, ಅಲ್ವಾ?

ಪರೀಕ್ಷಾ ಕೇಂದ್ರ ಬೇರೆ ಶಾಲೆಯಲ್ಲಿದ್ದರೆ ಮೊದಲೇ ಒಂದು ದಿನ ಅದೇ ಬಸ್ಸಿನಲ್ಲಿ ಹೋಗಿ ನೋಡಿ ಬನ್ನಿ. ಹಾಲ್ ಟಿಕೆಟ್, ಎರಡು ಪೆನ್ನು, ಸ್ಕೇಲು, ಪೆನ್ಸಿಲು, ನೀರಿನ ಬಾಟಲಿ ರಾತ್ರಿಯೇ ಚೀಲಕ್ಕೆ ಹಾಕಿಡಿ. ಬೆಳಿಗ್ಗೆ ಸರ್ವಿಸ್ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಕೆಲವು ನಿಲ್ಲಿಸುವುದೂ ಇಲ್ಲ. ಸರಿಯಾಗಿ ಟೈಮಿಗೆ ಮುಟ್ಟಿಸುವ ಬಸ್ಸನ್ನು ನಂಬಬೇಡಿ, ಅದಕ್ಕಿಂತ ಮೊದಲು ಬರುವುದಕ್ಕೇ ಹತ್ತಿ.