ರಂಗೂನು ಬೀಳದಿದ್ದರೆ ರವೆ ಇಡ್ಲಿ ಎಲ್ಲಿರುತ್ತಿತ್ತು? ‘ರೆ’ ಕಥೆ ಬರೆಯುವ ಬಗೆ

“ಚಿಕ್ಕಮ್ಮನಿಗೆ ಮೀಸೆ ಬಂದರೆ ಚಿಕ್ಕಪ್ಪ ಎನ್ನಬಹುದು” ಎಂದು ನನ್ನ ಹೆಂಡತಿ ದಿನಕ್ಕೊಮ್ಮೆಯಾದರೂ ಹೇಳುತ್ತಾಳೆ, ಕಾಫಿ ಲೋಟವನ್ನು ನನ್ನ ಹಾಳೆಗಳ ಮೇಲೆಯೇ ಇಡುತ್ತಾ. ರೈಲ್ವೆಯಲ್ಲಿ 36 ವರ್ಷ ದುಡಿದು ಸ್ಟೇಷನ್ ಮಾಸ್ತರನಾಗಿ ನಿವೃತ್ತನಾದ ಮೇಲೆ ನನಗೊಂದು ಚಟ ಅಂಟಿಕೊಂಡಿದೆ. ಎರಡನೇ ಮಹಾಯುದ್ಧ ಬೇರೆ ದಾರಿ ಹಿಡಿದಿದ್ದರೆ ಏನಾಗುತ್ತಿತ್ತು ಎಂದು ಕಥೆ ಕಟ್ಟುವುದು. ರಾಜಾಜಿನಗರದ ನಮ್ಮ ಪಾರ್ಕಿನಲ್ಲಿ ವಾಕಿಂಗ್ ಬರುವ ಹುಡುಗರಿಗೆ ಇದು ಹೇಗೋ ಗೊತ್ತಾಗಿ, ಈಗ ವಾರಕ್ಕೊಂದು ಕಥೆಯಾದರೂ ನನ್ನ ಮೊಬೈಲಿಗೆ ಬಂದು ಬೀಳುತ್ತದೆ. ಎಲ್ಲವೂ ಒಂದೇ ಕಡೆ ಹಳಿ ತಪ್ಪುತ್ತವೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ನಾಲಗೆ ಸವೆದಿರುವುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಕವಲಿನ ವಿಚಾರ. ಹಳಿ ಕವಲೊಡೆಯುವ ಜಾಗಕ್ಕೆ ನಾವು ಪಾಯಿಂಟ್ ಎನ್ನುತ್ತೇವೆ. ಅಲ್ಲಿ ಸರಿಯುವ ಕಬ್ಬಿಣದ ನಾಲಗೆ ಒಂದು ಗೇಣೂ ಸರಿಯುವುದಿಲ್ಲ. ಆದರೆ ಜೋಲಾರಪೇಟೆಗೆ ಹೋಗಬೇಕಾದ ಗಾಡಿ ಗುಂತಕಲ್ಲಿನ ಕಡೆ ಹೊರಟುಬಿಡುತ್ತದೆ. ನಿಮ್ಮ ಕಥೆಯ ಕವಲೂ ಅಷ್ಟೇ ಸಣ್ಣದಿರಬೇಕು. ‘ಹಿಟ್ಲರ್ ಹುಟ್ಟದೇ ಇದ್ದಿದ್ದರೆ’ ಎಂದು ಶುರುಮಾಡುವವನು ಪಾಯಿಂಟ್ ಬದಲಿಸುತ್ತಿಲ್ಲ, ಇಡೀ ಹಳಿಯನ್ನೇ ಕಿತ್ತು ಗುಜರಿಗೆ ಹಾಕುತ್ತಿದ್ದಾನೆ. ಅದರ ಬದಲು ಇಂಥವನ್ನು ಹುಡುಕಿ: 1931ರ ಡಿಸೆಂಬರಿನಲ್ಲಿ ಚರ್ಚಿಲ್ ನ್ಯೂಯಾರ್ಕಿನ ರಸ್ತೆ ದಾಟುವಾಗ ತನ್ನೂರಿನ ಅಭ್ಯಾಸದಂತೆ ತಪ್ಪು ಕಡೆ ನೋಡಿ ಕಾರಿಗೆ ಸಿಕ್ಕಿಬಿದ್ದ, ಬದುಕಿಕೊಂಡ. 1914ರ ಜೂನ್ 28ರಂದು ಸರಾಯೆವೋದಲ್ಲಿ ಆಸ್ಟ್ರಿಯಾದ ಯುವರಾಜನ ಕಾರಿನ ಚಾಲಕ ತಪ್ಪು ತಿರುವು ತೆಗೆದುಕೊಂಡ, ಕಾರು ನಿಂತದ್ದು ಪಿಸ್ತೂಲು ಹಿಡಿದಿದ್ದ ಹುಡುಗನ ಎದುರಿಗೇ, ಮೊದಲ ಮಹಾಯುದ್ಧಕ್ಕೆ ಕಿಡಿ ಬಿದ್ದದ್ದು ಅಲ್ಲೇ. ಇವೆರಡೂ ಈಗ ಸವೆದ ನಾಣ್ಯಗಳು, ನೀವು ಮತ್ತೆ ಚಲಾಯಿಸಬೇಡಿ. ಅಳತೆ ಗೊತ್ತಾಗಲಿ ಎಂದು ಹೇಳಿದೆ.

ನಾನು ಆರಿಸಿಕೊಂಡದ್ದು ಒಂದು ವಿಮಾನವನ್ನು. 1942ರ ಏಪ್ರಿಲ್ 4ರಂದು ಸಿಂಹಳದ ದಕ್ಷಿಣದ ಕೊಗ್ಗಲದಿಂದ ಹೊರಟ ಒಂದು ಕ್ಯಾಟಲೀನಾ, ಅಂದರೆ ನೀರಿನ ಮೇಲೆ ಇಳಿಯುವ ಕಾವಲು ವಿಮಾನ, ದಿನವಿಡೀ ಸಮುದ್ರದ ಮೇಲೆ ಸುತ್ತಿತು. ನಡೆಸುತ್ತಿದ್ದವನು ಕೆನಡಾದ ಲಿಯೊನಾರ್ಡ್ ಬರ್ಚಲ್. ಗಸ್ತು ಮುಗಿಯುವ ಹೊತ್ತಿಗೆ ದಿಗಂತದಲ್ಲಿ ಚುಕ್ಕೆಗಳು ಕಂಡವು. ಹತ್ತಿರ ಹೋದರೆ ಜಪಾನಿನ ನೌಕಾಪಡೆ, ವಿಮಾನವಾಹಕ ಹಡಗುಗಳೇ ಐದು. ನಿಸ್ತಂತುವಿನಲ್ಲಿ ಸುದ್ದಿ ಕಳಿಸುತ್ತಿರುವಾಗಲೇ ಜಪಾನಿ ಯುದ್ಧವಿಮಾನಗಳು ಕ್ಯಾಟಲೀನಾವನ್ನು ಹೊಡೆದುರುಳಿಸಿದವು. ಬರ್ಚಲ್ ಸೆರೆಯಾದ. ಆದರೆ ಸುದ್ದಿ ಕೊಲಂಬೊ ಮುಟ್ಟಿತ್ತು. ಬಂದರಿನಲ್ಲಿದ್ದ ಹಡಗುಗಳಲ್ಲಿ ಬಹಳಷ್ಟನ್ನು ರಾತ್ರೋರಾತ್ರಿ ಹೊರಗೆ ಕಳಿಸಿದರು, ಮರುದಿನ ಬೆಳಿಗ್ಗೆ ಬಾಂಬು ಬಿತ್ತು.

ನನ್ನ ಕಥೆಯಲ್ಲಿ ದಕ್ಷಿಣಕ್ಕೆ ಒಂದು ಮೋಡ ಅಡ್ಡ ಬರುತ್ತದೆ. ಅಷ್ಟೇ. ಬರ್ಚಲ್‌ಗೆ ಚುಕ್ಕೆ ಕಾಣುವುದಿಲ್ಲ, ಅವನು ಮರಳಿ ಬಂದು ಊಟ ಮಾಡಿ ಮಲಗುತ್ತಾನೆ.

ಇಲ್ಲಿಗೆ ಬಂದ ಕೂಡಲೇ ಎಲ್ಲರಿಗೂ ಕೈ ಕಡಿಯುತ್ತದೆ: ಬಾಂಬು ಹಾಕಬೇಕು, ನಮ್ಮೂರಿನ ಮೇಲೆಯೇ ಹಾಕಬೇಕು. ಕಳೆದ ತಿಂಗಳು ಒಬ್ಬ ಹುಡುಗ ಕಳಿಸಿದ ಕಥೆಯಲ್ಲಿ ಜಪಾನಿ ವಿಮಾನಗಳು ಎಚ್‌ಎಎಲ್ ಕಾರ್ಖಾನೆಯನ್ನು ಸುಟ್ಟು, ಮೆಜೆಸ್ಟಿಕ್ಕಿನ ಮೇಲೆ ಒಂದು ಸುತ್ತು ಹಾಕಿ, ಸಮುದ್ರಕ್ಕೆ ಮರಳುತ್ತವೆ. ಗುರಿಯ ಆಯ್ಕೆ ಸರಿಯಾಗಿಯೇ ಇದೆ. ಕಾರ್ಖಾನೆ 1940ರ ಡಿಸೆಂಬರಿನಲ್ಲಿ ಶುರುವಾಗಿತ್ತು, ಶತ್ರುವಿಗೆ ಅದರ ಮೇಲೆ ಕಣ್ಣು ಬೀಳಲು ಕಾರಣವಿತ್ತು. ಆದರೆ ಅಳತೆಪಟ್ಟಿ ತೆಗೆಯಪ್ಪಾ ಎಂದೆ. ಪರ್ಲ್ ಹಾರ್ಬರಿನ ಮೇಲೆ ಎರಗಿದಾಗ ಜಪಾನಿನ ಹಡಗುಗಳು ಗುರಿಯಿಂದ ಸುಮಾರು 400 ಕಿಲೋಮೀಟರ್ ಆಸುಪಾಸಿನಲ್ಲಿದ್ದವು. ಮದ್ರಾಸಿನಿಂದ ಬೆಂಗಳೂರಿಗೆ ಕಾಗೆ ಹಾರಿದ ದೂರವೇ 290 ಕಿಲೋಮೀಟರ್. ಉಳಿಯುವುದು 110. ಅಂದರೆ ಹಡಗುಗಳು ಕರಾವಳಿಗೆ ಅಷ್ಟು ಹತ್ತಿರ ಬಂದು, ವಿಮಾನಗಳು ಹೋಗಿ ಬರುವವರೆಗೆ ಗಂಟೆಗಟ್ಟಲೆ ಅಲ್ಲೇ ಸುಳಿದಾಡಬೇಕು. ತವರಿನಿಂದ ಸಾವಿರಾರು ಮೈಲಿ ದೂರ, ಎಣ್ಣೆಯನ್ನು ಲೆಕ್ಕ ಹಾಕಿ ಸುಡುವ ಕಾಲ. ಯಾವ ನೌಕಾಧಿಪತಿ ಒಂದು ರಿಪೇರಿ ಕಾರ್ಖಾನೆಗಾಗಿ ಹೀಗೆ ಮಾಡುತ್ತಾನೆ? ಹುಡುಗ ಮುಖ ಸಣ್ಣದು ಮಾಡಿಕೊಂಡು, “ಅಂಕಲ್, ಕಥೆ ತಾನೇ” ಎಂದ. ಕಥೆಯೇ, ಒಪ್ಪಿದೆ. ಆದರೆ ಒಂದು ಸುಳ್ಳಿಗೆ ಮಾತ್ರ ಪರವಾನಗಿ. ಅದನ್ನು ಮೋಡಕ್ಕೆ ಬಳಸಿ ಆಗಿದೆ. ಇನ್ನು ಮೇಲೆ ದೂರ, ತೂಕ, ಎಣ್ಣೆ, ಹಳಿ ಎಲ್ಲವೂ ನಿಜದ ಲೆಕ್ಕದಲ್ಲೇ ನಡೆಯಬೇಕು.

ಬಾಂಬು ಬೇಕಾಗಿಯೂ ಇಲ್ಲ, ಹೆದರಿಕೆ ಸಾಕು. ನಿಜದಲ್ಲಿ ಏನಾಯಿತು ನೋಡಿ. ಏಪ್ರಿಲ್ 6ರಂದು ವಿಶಾಖಪಟ್ಟಣಕ್ಕೂ ಕಾಕಿನಾಡಕ್ಕೂ ಬಾಂಬು ಬಿತ್ತು. ಮದ್ರಾಸಿನಲ್ಲಿ ಹಡಗುಗಳು ಬಂದೇಬಿಟ್ಟವು ಎಂಬ ಸುಳ್ಳು ಸುದ್ದಿಗೆ ಸರಕಾರಿ ಕಚೇರಿಗಳೇ ಊರು ಬಿಟ್ಟವು, ಜನ ಗಂಟುಮೂಟೆ ಕಟ್ಟಿಕೊಂಡು ಓಡಿದರು. ಮೃಗಾಲಯದ ಹುಲಿ ಸಿಂಹಗಳು ಬೀದಿಗೆ ಬಂದಾವೆಂದು ಅವುಗಳನ್ನು ಗುಂಡಿಟ್ಟು ಕೊಂದರು. ಇದನ್ನು ನಾನು ಕಲ್ಪಿಸಿ ಬರೆದಿದ್ದರೆ ಅತಿಯಾಯಿತು ಎಂದು ನೀವೇ ಕೆಂಪು ಗೆರೆ ಎಳೆಯುತ್ತಿದ್ದಿರಿ. ಮೋಡ ಅಡ್ಡ ಬಂದ ನನ್ನ ಏಪ್ರಿಲಿನಲ್ಲಿ ಕೊಲಂಬೊ ಬಂದರು ತುಂಬಿರುವಾಗಲೇ ಸುಟ್ಟಿದೆ, ಹಾಗಾಗಿ ಮದ್ರಾಸಿನ ಗಾಬರಿ ಎರಡು ಪಟ್ಟು, ಓಡುವವರೂ ಎರಡು ಪಟ್ಟು. ಅವರು ಓಡುವುದು ಎಲ್ಲಿಗೆ? ರೈಲು ಹೋಗುವ ಕಡೆಗೆ. ಬೆಂಗಳೂರು ದಂಡು, ಆಮೇಲೆ ಸಿಟಿ ಸ್ಟೇಷನ್.

ನಾನು ಮುಖಭಂಗ ಅನುಭವಿಸಿದ್ದೂ ಇಲ್ಲೇ. ನನ್ನ ಮೊದಲ ಪ್ರತಿಯಲ್ಲಿ ಒಂದು ತುಂಬು ಕುಟುಂಬ ಮದ್ರಾಸಿನಲ್ಲಿ ರೈಲು ಹತ್ತಿ, ರಾತ್ರಿಯೆಲ್ಲ ಕಿಟಕಿಗೆ ತಲೆ ಆನಿಸಿ ಕುಳಿತು, ನೇರವಾಗಿ ಮೈಸೂರಿನಲ್ಲಿ ಇಳಿಯುತ್ತಿತ್ತು. ಇಳಿದ ಕೂಡಲೇ ಮಲ್ಲಿಗೆಯ ವಾಸನೆ, ಚಾಮುಂಡಿ ಬೆಟ್ಟದ ದೀಪ, ಏನೇನೋ. ಹಳೆಯ ಗೆಳೆಯನೊಬ್ಬನಿಗೆ ಓದಲು ಕೊಟ್ಟೆ. ಅವನು ಗಾರ್ಡ್ ಆಗಿದ್ದವನು. ಎರಡನೇ ಪುಟಕ್ಕೇ ಕನ್ನಡಕ ತೆಗೆದು, “ಯಾವ ಗೇಜಿನ ಮೇಲೆ ಬಂದರಯ್ಯಾ ಇವರು?” ಎಂದ. ಮೈಯೆಲ್ಲ ತಣ್ಣಗಾಯಿತು. ಮದ್ರಾಸಿನಿಂದ ಬೆಂಗಳೂರಿಗೆ ಬ್ರಾಡ್ ಗೇಜ್, ಅಂದರೆ ಅಗಲದ ಹಳಿ, ಬೆಂಗಳೂರಿನಿಂದ ಮೈಸೂರಿಗೆ ಆ ಕಾಲದಲ್ಲಿ ಮೀಟರ್ ಗೇಜ್, ಅಂದರೆ ಕಿರಿದಾದ ಹಳಿ. ಯಾವ ಗಾಡಿಯೂ ನೇರ ಹೋಗಲು ಸಾಧ್ಯವಿಲ್ಲ. ನಾನೇ ಮೀಟರ್ ಗೇಜಿನ ಮೇಲೆ ಅರ್ಧ ಜನ್ಮ ಕಳೆದವನು! ಹಾಳೆ ಹರಿಯಬೇಕೆನ್ನಿಸಿತು. ಹರಿಯಲಿಲ್ಲ. ಕುಟುಂಬವನ್ನು ಸಿಟಿ ಸ್ಟೇಷನ್ನಿನಲ್ಲಿ ಇಳಿಸಿದೆ. ಅಜ್ಜಿ ಟ್ರಂಕಿನ ಮೇಲೆ ಕುಳಿತಳು, ಉಪ್ಪಿನಕಾಯಿ ಭರಣಿ ಒಡೆಯಿತು, ಮೀಟರ್ ಗೇಜಿನ ಡಬ್ಬಿಗಳು ಚಿಕ್ಕವು, ಬ್ರಾಡ್ ಗೇಜ್ ಗಾಡಿಯಿಂದ ಇಳಿದ ಜನರೆಲ್ಲ ಅದರೊಳಗೆ ಹಿಡಿಸಲಿಲ್ಲ. ಕುಟುಂಬದ ಅರ್ಧ ಮೈಸೂರಿಗೆ ಹೋಯಿತು, ಅರ್ಧ ಬೆಂಗಳೂರಿನಲ್ಲೇ ಉಳಿಯಿತು. ಮುಂದಿನ ಕಥೆಯೆಲ್ಲ ಆ ಒಡಕಿನಿಂದ ಹುಟ್ಟಿತು. ನಿಜದ ಲೆಕ್ಕ ಕೈ ಕಟ್ಟುತ್ತದೆ ಎಂದು ಹುಡುಗರು ಗೊಣಗುತ್ತಾರೆ. ನನಗಂತೂ ಅದು ಕಥೆಯನ್ನೇ ಕೊಟ್ಟಿತು.

ಇನ್ನು ಪರಿಣಾಮವನ್ನು ಅಡುಗೆಮನೆಯವರೆಗೆ ಹಿಂಬಾಲಿಸುವುದು. ಮಾವಳ್ಳಿ ಟಿಫಿನ್ ರೂಮಿನವರು ಹೇಳುವ ಮಾತೊಂದಿದೆ: ಯುದ್ಧದಲ್ಲಿ ಬರ್ಮಾ ಅಕ್ಕಿ ನಿಂತು, ಇಡ್ಲಿಗೆ ಅಕ್ಕಿ ಸಾಲದೆ, ರವೆಯಲ್ಲಿ ಮಾಡಿ ನೋಡಿದ್ದೇ ರವೆ ಇಡ್ಲಿಯಾಯಿತು. ಈ ಮಾತನ್ನು ಒಪ್ಪಿದರೆ, 1942ರ ಮಾರ್ಚ್ 8ರಂದು ರಂಗೂನು ಜಪಾನಿನ ಕೈಸೇರಿದ್ದಕ್ಕೂ ನಿಮ್ಮ ತಟ್ಟೆಯಲ್ಲಿರುವ, ಗೋಡಂಬಿ ಹಚ್ಚಿದ ಆ ಇಡ್ಲಿಗೂ ನೇರ ನಂಟು. ಈಗ ರಂಗೂನು ಬೀಳಲಿಲ್ಲ ಎಂದುಕೊಳ್ಳಿ. ರವೆ ಇಡ್ಲಿ ಹೋಯಿತು, ಸರಿ. ಅಲ್ಲಿಗೇ ನಕ್ಕು ನಿಲ್ಲಿಸಬೇಡಿ. ಬರ್ಮಾದಿಂದ ಕಾಡುಮೇಡು ದಾಟಿ ನಡೆದು ಬಂದ ಲಕ್ಷಾಂತರ ಭಾರತೀಯರು ನಡೆಯಬೇಕಾಗಲಿಲ್ಲ. 1943ರ ಬಂಗಾಳದ ಬರಗಾಲಕ್ಕೆ ಇದ್ದ ಕಾರಣಗಳಲ್ಲಿ ಒಂದು ಕಳಚಿತು. ಜಪಾನೀಯರ ಕೈಗೆ ಸಿಕ್ಕಬಾರದೆಂದು ಸರಕಾರ ಅಲ್ಲಿನ ದೋಣಿಗಳನ್ನೂ ಅಕ್ಕಿಯನ್ನೂ ತೆಗೆಸಿದ್ದು ಬರ್ಮಾ ಕೈತಪ್ಪಿದ ಮೇಲೆ. ಇಡ್ಲಿಯಿಂದ ಶುರುವಾದ ಲೆಕ್ಕ ಹೆಣಗಳವರೆಗೆ ಹೋಗುತ್ತದೆ. ತಮಾಷೆಯ ಕಥೆ ಬರೆಯುತ್ತಿದ್ದರೂ ಇದು ಗೊತ್ತಿರಲಿ, ಬರವಣಿಗೆಯ ದನಿ ತಾನಾಗಿ ತಗ್ಗುತ್ತದೆ. ಅಭ್ಯಾಸಕ್ಕೆ ಇನ್ನೊಂದು: 1940ರ ಜೂನ್ 10ರಂದು ಮುಸೊಲಿನಿ ಯುದ್ಧ ಸಾರದೇ ಇದ್ದಿದ್ದರೆ ಜಾಲಹಳ್ಳಿಗೆ ಇಟಲಿಯ ಯುದ್ಧಕೈದಿಗಳು ಬರುತ್ತಿರಲಿಲ್ಲ. ಅಲ್ಲಿಂದ ಮುಂದಕ್ಕೆ ನೀವೇ ಎಳೆಯಿರಿ.

ನೇತಾಜಿಯ ವಿಚಾರ ಹೇಳದೆ ಬಿಟ್ಟರೆ ಪಾರ್ಕಿನಲ್ಲಿ ನನ್ನನ್ನು ಬಿಡುವುದಿಲ್ಲ. ನನಗೆ ಬರುವ ಕಥೆಗಳಲ್ಲಿ ಅರ್ಧ ‘ನೇತಾಜಿ ದೆಹಲಿ ತಲುಪಿದ್ದರೆ’ ಎಂಬವೇ. ಕವಲು ಹುಡುಕಲು ಕಷ್ಟವಿಲ್ಲ. 1943ರ ಏಪ್ರಿಲಿನಲ್ಲಿ ನಡುಸಮುದ್ರದಲ್ಲಿ ಅವರು ಜರ್ಮನಿಯ ಜಲಾಂತರ್ಗಾಮಿಯಿಂದ ಜಪಾನಿನ ಜಲಾಂತರ್ಗಾಮಿಗೆ ರಬ್ಬರ್ ದೋಣಿಯಲ್ಲಿ ದಾಟಿದರು, ಒಂದು ಅಲೆ ಸಾಕಿತ್ತು. ತೊಂದರೆ ಇರುವುದು ಗೆದ್ದ ಮೇಲೆ. ಹುಡುಗರ ಕಥೆಗಳಲ್ಲಿ ಗೆದ್ದ ಮರುದಿನವೇ ರಸ್ತೆಗಳು ಅಗಲವಾಗುತ್ತವೆ, ಲಂಚ ನಿಲ್ಲುತ್ತದೆ, ಕಾವೇರಿಯ ಜಗಳವೂ ಬಗೆಹರಿದಿರುತ್ತದೆ. ಜಪಾನಿನ ಸೈನ್ಯ ಎಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಅದಕ್ಕೆ ಉತ್ತರ ಆಗ ಜಪಾನಿನ ವಶದಲ್ಲಿದ್ದ ಅಂಡಮಾನಿನಲ್ಲಿದೆ. 1943ರ ಡಿಸೆಂಬರ್ 30ರಂದು ನೇತಾಜಿ ಪೋರ್ಟ್ ಬ್ಲೇರಿನಲ್ಲಿ ಧ್ವಜ ಹಾರಿಸಿದರು. ಅದೇ ಹೊತ್ತಿಗೆ ಅಲ್ಲಿನ ಸೆಲ್ಯುಲರ್ ಜೈಲಿನಲ್ಲಿ ಜಪಾನೀಯರು ದಿವಾನ್ ಸಿಂಗ್ ಎಂಬ ವೈದ್ಯರನ್ನು ಹಿಂಸಿಸುತ್ತಿದ್ದರು. ಹದಿನೈದೇ ದಿನಗಳಲ್ಲಿ ಅವರು ಸತ್ತರು. ನೇತಾಜಿಯ ಮೇಲಿನ ಗೌರವ ಇಟ್ಟುಕೊಂಡೇ ಈ ಎರಡನ್ನೂ ಒಂದೇ ಅಧ್ಯಾಯದಲ್ಲಿ ಬರೆಯಬಲ್ಲವನು ಬರೆಯಲಿ, ನಾನು ಟಿಕೆಟ್ ತೆಗೆದುಕೊಂಡು ಓದುತ್ತೇನೆ.

ಭಾಷೆಯ ವಿಷಯ. ‘ಹೀಗಾಗಿದ್ದಿದ್ದರೆ ಹಾಗಾಗಿರುತ್ತಿತ್ತು, ಹಾಗಾಗಿದ್ದಿದ್ದರೆ ಇವನು ಬಂದಿರುತ್ತಿದ್ದ’ ಎಂದು ಎರಡು ಪುಟ ಬರೆದು ಗಟ್ಟಿಯಾಗಿ ಓದಿ ನೋಡಿ, ನಾಲಗೆ ತೊಡರಿ ನೀವೇ ಬೀಳುತ್ತೀರಿ. ‘ರೆ’ ಎಂಬುದು ನಿಮ್ಮ ತಲೆಯೊಳಗಿರಲಿ, ಹಾಳೆಯ ಮೇಲೆ ಬೇಡ. ‘ಆ ಸಂಜೆ ದಕ್ಷಿಣಕ್ಕೆ ಮೋಡ ಕವಿದಿತ್ತು. ಬರ್ಚಲ್ ವಿಮಾನ ತಿರುಗಿಸಿದ.’ ಇಷ್ಟೇ. ನಡೆದದ್ದನ್ನು ಹೇಳುವ ದನಿಯಲ್ಲೇ ನಡೆಯದ್ದನ್ನೂ ಹೇಳಿ.

ಊರಿನ ವಿವರಗಳಲ್ಲಿ ಎಡವುವವರೇ ಹೆಚ್ಚು. 1942ರಲ್ಲಿ ಬೆಂಗಳೂರು ಎರಡು. ಪೇಟೆಯ ಕಡೆ ಮೈಸೂರು ಮಹಾರಾಜರದು, ದಂಡಿನ ಕಡೆ ಬ್ರಿಟಿಷರ ಆಡಳಿತ. ಪಾತ್ರ ಚಿಕ್ಕಪೇಟೆಯಿಂದ ಈಗಿನ ಶಿವಾಜಿನಗರಕ್ಕೆ ಹೋದರೆ ಸರಕಾರವೇ ಬದಲಾಗುತ್ತದೆ. ಅವನ ಕೈಗೆ ಪ್ರಜಾವಾಣಿ ಕೊಡಬೇಡಿ, ಅದು ಶುರುವಾದದ್ದು 1948ರಲ್ಲಿ, ‘ತಾಯಿನಾಡು’ ಪತ್ರಿಕೆ ಕೊಡಿ. ಜೇಬಿನಲ್ಲಿ ಆಣೆ ಇರಲಿ, ನಯಾಪೈಸೆ ಬಂದದ್ದು 1957ಕ್ಕೆ. ಬಸ್ಸಿನ ಹಿಂದೆ ಇದ್ದಿಲು ಗ್ಯಾಸಿನ ಒಲೆ ಉರಿಯುತ್ತಿರಲಿ, ಪೆಟ್ರೋಲಿಗೆ ಬರವಿದ್ದ ಕಾಲ. ಇವನ್ನೆಲ್ಲ ಹುಡುಕಲು ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಇವೆ. ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೂ ಒಮ್ಮೆ ಹೋಗಿಬನ್ನಿ. ಯುದ್ಧದ ಕೊನೆಯ ವರ್ಷಗಳಲ್ಲಿ ಆ ಕಾರ್ಖಾನೆಗೆ ರಿಪೇರಿಗೆ ಬರುತ್ತಿದ್ದ ಕ್ಯಾಟಲೀನಾಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಬರ್ಚಲ್ ನಡೆಸಿದಂಥದೇ ವಿಮಾನ, ಈಗ ನೊರೆ ಏಳುವ ಅದೇ ಕೆರೆ. ಇದು ತಿಳಿದ ದಿನ ನಾನು ರಾತ್ರಿ ಹನ್ನೊಂದರವರೆಗೆ ಬರೆದೆ.

ಮುಗಿದ ಮೇಲೆ ಹೊಗಳುವವರಿಗೆ ಓದಲು ಕೊಡಬೇಡಿ. ತಪ್ಪು ಹುಡುಕುವುದರಲ್ಲಿ ಸುಖ ಕಾಣುವ ಒಬ್ಬರಾದರೂ ನಿಮ್ಮ ಪರಿಚಯದಲ್ಲಿ ಇದ್ದೇ ಇರುತ್ತಾರೆ. ತಿದ್ದಿದ ಪ್ರತಿಯನ್ನು ನಾನು ಮತ್ತೆ ಅದೇ ಗಾರ್ಡ್‌ಗೆ ಕೊಟ್ಟೆ. ಈ ಸಲ ಹದಿನೆಂಟನೇ ಪುಟದವರೆಗೆ ಅವನು ತಲೆ ಎತ್ತಲಿಲ್ಲ. ಆಮೇಲೆ ಬೆರಳಿಟ್ಟು ತೋರಿಸಿದ: “ಸ್ಟೇಷನ್ ಗಡಿಯಾರ ತಪ್ಪು. ಯುದ್ಧದಲ್ಲಿ ಸಮಯವನ್ನು ಒಂದು ಗಂಟೆ ಮುಂದಕ್ಕೆ ಹಾಕಿದ್ದರು, ಗೊತ್ತಿಲ್ಲವೇ?”

“ಗೊತ್ತು. ಅದು 1942ರ ಸೆಪ್ಟೆಂಬರ್ 1ರಿಂದ. ನನ್ನ ಅಜ್ಜಿ ಟ್ರಂಕಿನ ಮೇಲೆ ಕುಳಿತಿರುವುದು ಏಪ್ರಿಲಿನಲ್ಲಿ.”

ಅವನು ಸ್ವಲ್ಪ ಹೊತ್ತು ಗೋಡೆ ನೋಡಿದ. ಆಮೇಲೆ ಒಳಗೆ ತಿರುಗಿ, “ಅಮ್ಮಾ, ಇನ್ನೊಂದು ಲೋಟ ಕಾಫಿ ಸಿಕ್ಕೀತೇ?” ಎಂದು ನನ್ನ ಹೆಂಡತಿಯನ್ನು ಕೇಳಿದ.