ಗದಗಿನ ಪ್ರೆಸ್ಸುಗಳಲ್ಲಿ ಇನ್ನೂ ಓಡುತ್ತಿರುವ ಎಕ್ಸ್‌ಪಿ: ನನ್ನ ಅನುಭವ

2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಗೆ ಸುರಕ್ಷತಾ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿ ಅದರ ಕೈಬಿಟ್ಟಾಗ, ಕಂಪ್ಯೂಟರ್ ರಿಪೇರಿ ಮಾಡುವ ನಮ್ಮಂಥವರಿಗೆ ಒಳ್ಳೆಯ ಸೀಸನ್ ಬಂತೆಂದೇ ಎಲ್ಲರ ಲೆಕ್ಕ. ಹಳೆಯದನ್ನು ತೆಗೆದು ಹೊಸದನ್ನು ಹಾಕಿಕೊಡುವ ಕೆಲಸ ಶಾಲೆಗಳಿಂದ, ವಕೀಲರ ಕಚೇರಿಗಳಿಂದ, ಅಂಗಡಿಗಳಿಂದ ಬಂತು ಕೂಡ. ಪ್ರೆಸ್ಸುಗಳಿಂದ ಬಂದ ಫೋನುಗಳ ಧಾಟಿ ಮಾತ್ರ ಬೇರೆಯಾಗಿತ್ತು: “ತಮ್ಮಾ, ಈ ಹೊಸ ಮದರ್‌ಬೋರ್ಡಿಗೆ ಎಕ್ಸ್‌ಪಿ ಹಾಕಿಕೊಡಲು ಬರುತ್ತದೆಯೇ ನೋಡು.”

ನಮ್ಮ ಗದಗ-ಬೆಟಗೇರಿಯನ್ನು ಮುದ್ರಣ ಕಾಶಿ ಎನ್ನುತ್ತಾರೆ. ನನ್ನ ಸರ್ವೀಸ್ ಕೆಲಸದಲ್ಲಿ ದೊಡ್ಡ ಪಾಲು ಪ್ರೆಸ್ಸುಗಳದ್ದೇ. 2001ರಲ್ಲಿ ಬಂದ ಎಕ್ಸ್‌ಪಿಯಲ್ಲಿ ಇವತ್ತಿಗೂ ಲಗ್ನಪತ್ರಿಕೆ ತಯಾರಾಗುವ ಪ್ರೆಸ್ಸುಗಳು ಇಲ್ಲಿವೆ. ಹೊರಗಿನವರು ಇದನ್ನು ಜಿಪುಣತನ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಜಿಪುಣತನ ಇಲ್ಲವೇ ಇಲ್ಲವೆಂದಲ್ಲ. ಆದರೆ ಆಫ್‌ಸೆಟ್ ಯಂತ್ರಕ್ಕೆ ಲಕ್ಷಗಟ್ಟಲೆ ಸಾಲ ಮಾಡುವ ಮಾಲೀಕರು ಒಂದು ಕಂಪ್ಯೂಟರಿಗೆ ಹಿಂದೆಮುಂದೆ ನೋಡುತ್ತಾರೆಂದರೆ ಕಾರಣ ಬೇರೆಲ್ಲೋ ಇರಬೇಕು.

ಆ ಕಾರಣ, ಪುಟ ಜೋಡಿಸಲು ಬಳಸುವ ಪೇಜ್‌ಮೇಕರ್ 7 ಎಂಬ ತಂತ್ರಾಂಶ. ಅದೂ ಬಂದದ್ದು 2001ರಲ್ಲೇ, ಅದರ ಮುಂದೆ ಇನ್ನೊಂದು ಆವೃತ್ತಿ ಬರಲಿಲ್ಲ. ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರುಗಳಲ್ಲಿ ಒಂದೇ ಸಂಕೇತ ಕೊಡುವ ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ನುಡಿಯಂಥ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳನ್ನು ತುಂಡು ತುಂಡು ಮಾಡಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕೂರಿಸಿದ್ದಾರೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಯಾರಿಗೂ ಓದಲಾಗದ ಗೀಚು. ‘ಸೂರ್ಯ’ ಎಂಬ ಪದವನ್ನೇ ನೋಡಿ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿಯೇ ತುಣುಕುಗಳು ಸಾಲಾಗಿ ಕೂರುತ್ತವೆ: ಸೂ, ಆಮೇಲೆ ಯ, ಕೊನೆಗೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಕ್ರಮ: ಸೂ, ರ್, ಯ. ಒಂದರಿಂದ ಇನ್ನೊಂದಕ್ಕೆ ತರಬೇಕಾದರೆ ಈ ಹಿಂದುಮುಂದನ್ನೆಲ್ಲ ಪರಿವರ್ತಕ ತಂತ್ರಾಂಶ ಸರಿಪಡಿಸಬೇಕು. ಬಹುಪಾಲು ಸರಿಪಡಿಸುತ್ತದೆ ಕೂಡ. ತೊಂದರೆ ಇರುವುದು ಆ ‘ಬಹುಪಾಲು’ ಎಂಬಲ್ಲಿ. ಕನ್ನಡದ ನಡುವೆ ಇಂಗ್ಲಿಷಿನಲ್ಲಿದ್ದ ಮದುಮಗನ ಪದವಿ, ಕಲ್ಯಾಣ ಮಂಟಪದ ಹೆಸರು ಎಲ್ಲವೂ ಕನ್ನಡದ ತುಣುಕುಗಳೆಂದೇ ತಿಳಿದು ಅದು ಏನೇನನ್ನೋ ಮಾಡಿಟ್ಟಿರುತ್ತದೆ. ಲಗ್ನಪತ್ರಿಕೆಯಲ್ಲಿ ಬೀಗರ ಹೆಸರು ತಪ್ಪಿದರೆ ಅಷ್ಟೂ ಪ್ರತಿಗಳು ರದ್ದಿಗೆ, ಖರ್ಚು ಪ್ರೆಸ್ಸಿನವರ ತಲೆಗೆ.

ಪ್ರೆಸ್ಸಿನ ನಿಜವಾದ ಆಸ್ತಿ ಹಳೆಯ ಫೈಲುಗಳು. ಸಹಕಾರಿ ಸಂಘದ ಪಾವತಿ ಪುಸ್ತಕ, ಜಾತ್ರೆಯ ಕರಪತ್ರ, ಶಾಲೆಯ ಪ್ರಗತಿ ಪತ್ರ ಇವೆಲ್ಲ ವರ್ಷ ವರ್ಷ ಬರುವ ಕೆಲಸಗಳು. ಗಿರಾಕಿ ಬಂದು “ಹೋದ ವರ್ಷದ್ದೇ ಇರಲಿ, ತಾರೀಖು ಬದಲಿಸಿ” ಎನ್ನುತ್ತಾನೆ. ಫೈಲು ತೆರೆದು ತಾರೀಖು ತಿದ್ದಿದರೆ ಆಯಿತು. ಅದನ್ನೇ ಹೊಸ ತಂತ್ರಾಂಶಕ್ಕೆ ತರಲು ಹೋದರೆ ಗೆರೆ, ಕೋಷ್ಟಕ ಎಲ್ಲವನ್ನೂ ಮೊದಲಿನಿಂದ ಜೋಡಿಸಿ, ಅಕ್ಷರ ಅಕ್ಷರ ಬಿಡದೆ ಕರಡು ತಿದ್ದಬೇಕು. ಆ ದುಡಿಮೆಗೆ ಗಿರಾಕಿ ಒಂದು ಪೈಸೆ ಹೆಚ್ಚು ಕೊಡುವುದಿಲ್ಲ.

ಪೇಜ್‌ಮೇಕರ್ ವಿಂಡೋಸ್ 10ರಲ್ಲಿ ತೆರೆದುಕೊಳ್ಳುವುದೇ ಇಲ್ಲವೆಂದು ನಾನು ಹೇಳುವುದಿಲ್ಲ, ನಾನೇ ಹಾಕಿ ನೋಡಿದ್ದೇನೆ. ತೆರೆದ ಮೇಲೆ ಒಂದು ಕಡೆ ಪ್ರಿಂಟರಿನ ಹೊಂದಾಣಿಕೆ ಕೈಕೊಟ್ಟಿತು. ಇನ್ನೊಂದು ಕಡೆ ಫಾಂಟ್ ತಂತ್ರಾಂಶದ ಲಾಕ್ ಅಡ್ಡ ಬಂತು. ಹಿಂದೆ ಕೆಲವು ಫಾಂಟ್ ತಂತ್ರಾಂಶಗಳನ್ನು ಕೊಂಡಾಗ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಒಂದು ಸಣ್ಣ ಡಬ್ಬಿ ಕೊಡುತ್ತಿದ್ದರು. ಅದು ಇಲ್ಲದೆ ತಂತ್ರಾಂಶ ಏಳುವುದಿಲ್ಲ. ಈಗಿನ ಮದರ್‌ಬೋರ್ಡುಗಳಲ್ಲಿ ಆ ಪೋರ್ಟೇ ಇಲ್ಲ. ಬಜಾರಿನಲ್ಲಿ ಸಿಗುವ ಯುಎಸ್‌ಬಿ ಪರಿವರ್ತಕ ಹಳೆಯ ಪ್ರಿಂಟರಿಗೆ ನಡೆಯುತ್ತದೆ, ಲಾಕಿಗೆ ನಡೆಯುವುದಿಲ್ಲ. ಪೇಜ್‌ಮೇಕರಿನ ಜಾಗಕ್ಕೆ ಬಂದ ಇನ್‌ಡಿಸೈನ್ 2012ರ ಸಿಎಸ್6 ಆವೃತ್ತಿಯಿಂದ ಕನ್ನಡದ ಯೂನಿಕೋಡನ್ನು ಸರಿಯಾಗಿ ಕೂರಿಸುತ್ತದೆ, ನಿಜ. ಆದರೆ ಈಗ ಅದಕ್ಕೆ ಚಂದಾ ಕಟ್ಟುತ್ತಲೇ ಇರಬೇಕು. “ಕಟಿಂಗ್ ಮಷೀನ್ ಒಮ್ಮೆ ಕೊಂಡರೆ ಇಪ್ಪತ್ತು ವರ್ಷ ಓಡುತ್ತದೆ, ಇದಕ್ಕೇನು ತಿಂಗಳ ಬಾಡಿಗೆ?” ಎಂದು ಒಬ್ಬ ಯಜಮಾನರು ಕೇಳಿದರು. ಅವರ ಪೇಜ್‌ಮೇಕರ್ ಕೂಡ ದುಡ್ಡು ಕೊಟ್ಟು ತಂದದ್ದಲ್ಲ ಎಂಬುದು ಬೇರೆ ಮಾತು.

ಹೀಗಾಗಿ ಹಳೆಯದನ್ನು ಬಿಡಿಸುವುದಕ್ಕಿಂತ ಅದನ್ನು ಅಪಾಯವಿಲ್ಲದೆ ಓಡಿಸಿಕೊಡುವುದೇ ನನ್ನ ಕೆಲಸವಾಯಿತು. ಮೊದಲು ಹಾರ್ಡ್‌ಡಿಸ್ಕ್. ಕ್ಲೋನ್‌ಜಿಲ್ಲಾ ಬಳಸಿ ಇಡೀ ಡಿಸ್ಕಿನ ಪ್ರತಿ ತೆಗೆದು ಎರಡು ಬೇರೆ ಕಡೆ ಇಡುತ್ತೇನೆ. ಇದಾಗದೆ ಬೇರೆ ಏನನ್ನೂ ಮುಟ್ಟುವುದಿಲ್ಲ. ಲಾಕ್ ಇಲ್ಲದ ಕಡೆ ಆ ಪ್ರತಿಯನ್ನೇ ಹೊಸ ಕಂಪ್ಯೂಟರಿನಲ್ಲಿ ವರ್ಚುವಲ್‌ಬಾಕ್ಸ್, ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ತಂತ್ರಾಂಶದ ಒಳಗೆ ಎಬ್ಬಿಸುತ್ತೇನೆ. ಒಳಗಿನ ಎಕ್ಸ್‌ಪಿಗೆ ನೆಟ್‌ವರ್ಕ್ ಕೊಡುವುದಿಲ್ಲ, ಪಿಡಿಎಫ್ ಹೊರಗೆ ತರಲು ಒಂದು ಫೋಲ್ಡರ್ ಮಾತ್ರ. ಲಾಕ್ ಇರುವ ಕಡೆ ಹಳೆಯ ಪೆಟ್ಟಿಗೆಯನ್ನೇ ಉಳಿಸಬೇಕು.

ಹಳೆಯ ಪೆಟ್ಟಿಗೆಗಳಲ್ಲಿ ಮತ್ತೆ ಮತ್ತೆ ಬರುವ ಒಂದು ತೊಂದರೆಯಿದೆ. ಭಾನುವಾರವೆಲ್ಲ ಮೇನ್ ಸ್ವಿಚ್ ಆರಿಸಿರುತ್ತಾರೆ. ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ತಾರೀಖು ಹತ್ತಾರು ವರ್ಷ ಹಿಂದೆ ಹೋಗಿದೆ. ವಿಂಡೋಸ್ ಚಿಹ್ನೆ ಬಂದಂತೆ ಮಾಡಿ, ನೀಲಿ ಪರದೆ, ಅದರಲ್ಲಿ 7ಬಿ ಎಂದು ಮುಗಿಯುವ ಸಂಖ್ಯೆ. “ವಿಂಡೋಸ್ ಹೋಯಿತು, ಫಾರ್ಮ್ಯಾಟ್ ಮಾಡಬೇಕಂತೆ” ಎಂದು ಗಾಬರಿಯಿಂದ ಫೋನ್ ಮಾಡುತ್ತಾರೆ. ಹೋಗಿರುವುದು ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ, ಅಷ್ಟೆ. ಬ್ಯಾಟರಿ ಸತ್ತೊಡನೆ, ಕಂಪ್ಯೂಟರನ್ನು ಮೊದಲು ಎಬ್ಬಿಸುವ ಬಯೋಸ್ ತನ್ನ ಮೂಲ ಸ್ಥಿತಿಗೆ ಮರಳುತ್ತದೆ. ಎಕ್ಸ್‌ಪಿಯ ಕಾಲದ ಕೊನೆಗೆ ಬಂದ ಬೋರ್ಡುಗಳಲ್ಲಿ ಹಲವಕ್ಕೆ ಮೂಲ ಸ್ಥಿತಿ ಎಂದರೆ ಸಾಟಾ ಹಾರ್ಡ್‌ಡಿಸ್ಕನ್ನು ಎಎಚ್‌ಸಿಐ ಎಂಬ ಹೊಸ ರೀತಿಯಲ್ಲಿ ಓದುವುದು. ಎಕ್ಸ್‌ಪಿಯಲ್ಲಿ ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಮೊದಲಿನಿಂದಲೇ ಇಲ್ಲ. ಹೊಸ ಬ್ಯಾಟರಿ ಹಾಕಿ, ಬಯೋಸ್‌ನಲ್ಲಿ ಐಡಿಇ ಎಂಬ ಹಳೆಯ ರೀತಿಗೆ ಬದಲಿಸಿದರೆ ಎಲ್ಲ ಮೊದಲಿನಂತೆ. ಇಷ್ಟಕ್ಕೇ ಡಿಸ್ಕ್ ಫಾರ್ಮ್ಯಾಟ್ ಮಾಡಿಸಿಕೊಂಡು ವರ್ಷಗಳ ಫೈಲು ಕಳೆದುಕೊಂಡವರನ್ನು ನೋಡಿದ್ದೇನೆ. ಆದ್ದರಿಂದ ಬಯೋಸ್‌ನಲ್ಲಿ ಯಾವುದು ಹೇಗಿರಬೇಕು ಎಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್‌ನ ಒಳಮೈಗೆ ಅಂಟಿಸಿರುತ್ತೇನೆ. ನಾನು ಊರಲ್ಲಿಲ್ಲದಾಗ ಬೇರೆಯವರು ಬಂದು ತೆರೆದರೂ ಮೊದಲು ಕಾಣುವುದು ಅದೇ.

ನೆಟ್ ವಿಷಯದಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಎಕ್ಸ್‌ಪಿ ಇದ್ದರೆ ನೆಟ್ ವೈರ್ ಇಲ್ಲ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಹರಡಿದಾಗ ಮೈಕ್ರೋಸಾಫ್ಟ್ ತನ್ನ ನಿಯಮ ಮುರಿದು ಎಕ್ಸ್‌ಪಿಗೂ ತೇಪೆಯೊಂದನ್ನು (ಪ್ಯಾಚ್) ಬಿಟ್ಟಿತು. ಅದನ್ನು ಪೆನ್‌ಡ್ರೈವ್‌ನಲ್ಲಿಟ್ಟುಕೊಂಡು ಪ್ರೆಸ್ಸಿನಿಂದ ಪ್ರೆಸ್ಸಿಗೆ ಅಲೆದೆ. ಆದರೆ ಆಗ ಹೆಚ್ಚಾಗಿ ಸಿಕ್ಕಿಬಿದ್ದದ್ದು ಎಕ್ಸ್‌ಪಿಯಲ್ಲ, ವಿಂಡೋಸ್ 7. ಅದಕ್ಕೆ ಮಾರ್ಚ್‌ನಲ್ಲೇ ತೇಪೆ ಬಂದಿತ್ತು, ಹಾಕಿಕೊಳ್ಳದವರೇ ಕೆಟ್ಟರು. ಅದೇ ವರ್ಷ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಎಕ್ಸ್‌ಪಿಗೆ ಕ್ರೋಮ್ 49ನೇ ಆವೃತ್ತಿಗೇ ನಿಂತುಹೋಗಿತ್ತು, ಜಿಎಸ್‌ಟಿ ಜಾಲತಾಣಕ್ಕೆ ಅದು ಸಾಲಲಿಲ್ಲ. ನಾನು ವರ್ಷಗಟ್ಟಲೆ ಹೇಳಿದರೂ ಕೊಳ್ಳದವರು ರಿಟರ್ನ್ ಸಲ್ಲಿಸುವ ಗಡುವಿಗೆ ಹೆದರಿ ಎರಡನೆಯ ಕಂಪ್ಯೂಟರ್ ತಂದರು. ಹಳೆಯದರ ನೆಟ್ ಕಿತ್ತುಹಾಕಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ.

ಬ್ಯಾಂಕುಗಳ ಕಥೆಯೂ ಇಷ್ಟೇ ಅಲ್ಲವೇ? ಎಟಿಎಂಗಳ ಒಳಗಿನ ಎಕ್ಸ್‌ಪಿಯನ್ನು ತೆಗೆಯಲು 2018ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಕಂತು ಕಂತಾಗಿ 2019ರ ಜೂನ್‌ವರೆಗೆ ಗಡುವು ಕೊಡಬೇಕಾಯಿತು. ಎಕ್ಸ್‌ಪಿ ಮುಗಿದು ನಾಲ್ಕು ವರ್ಷ ಕಳೆದ ಮೇಲೆ! ಬ್ಯಾಂಕುಗಳಿಗೇ ಕಿವಿ ಹಿಂಡುವವರು ಬೇಕಾದರೆ ಬೆಟಗೇರಿಯ ಪ್ರೆಸ್ಸಿನವರನ್ನು ಏನೆಂದು ದೂರುವುದು?

ಪ್ರೆಸ್ಸಿನ ಹೊರಗೂ ಇಂಥವಿವೆ. ಲಾರಿ ತೂಗುವ ವೇಬ್ರಿಡ್ಜ್‌ನ ತೂಕ ಹಳೆಯ ಸೀರಿಯಲ್ ಪೋರ್ಟಿನಲ್ಲಿ ಬರುತ್ತದೆ. ರಕ್ತ ಪರೀಕ್ಷೆಯ ಯಂತ್ರದ ಜೊತೆಗಿರುವುದು 32 ಬಿಟ್‌ನ ಡ್ರೈವರ್. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ, ಅದರಲ್ಲಿ ಆ ಡ್ರೈವರ್ ಕೂರುವುದಿಲ್ಲ. ಕಂಪನಿಯವರನ್ನು ಕೇಳಿದರೆ ಹೊಸ ಯಂತ್ರದ ಬೆಲೆ ಹೇಳುತ್ತಾರೆ.

ಈಗ ಫೋನ್ ಮಾಡುತ್ತಿರುವವರು ಬೇರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಮುಗಿದ ಮೇಲೆ, ಚೆನ್ನಾಗಿ ಓಡುತ್ತಿರುವ ಕಂಪ್ಯೂಟರಿಗೆ ವಿಂಡೋಸ್ 11 ಕೂರುವುದಿಲ್ಲವೇಕೆ ಎಂದು ಕೇಳುತ್ತಾರೆ. ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಎಂಟನೇ ಪೀಳಿಗೆಯ ಪ್ರೊಸೆಸರ್ ಬೇಕು ಎಂದರೆ ನಂಬುವುದಿಲ್ಲ, ನಾನು ಹೊಸದನ್ನು ಮಾರಲು ಹೇಳುತ್ತಿದ್ದೇನೆಂಬ ಅನುಮಾನ. ಅಡ್ಡದಾರಿಯಲ್ಲಿ ಹಾಕಿಕೊಡುವವರು ಇದ್ದಾರೆ. ಬ್ಯಾಂಕ್ ವ್ಯವಹಾರ ನಡೆಸುವ ಕಂಪ್ಯೂಟರಿಗೆ ನಾನು ಹಾಗೆ ಮಾಡುವುದಿಲ್ಲ. ಅಪ್‌ಡೇಟ್ ಎಂದು ನಿಲ್ಲುತ್ತದೋ ಹೇಳಲಾಗದು. ಅಂಥವರಿಗೆ ಬದಲಿಸಿ ಎನ್ನುತ್ತೇನೆ. ಯಂತ್ರಕ್ಕೆ ಜೋಡಿಸಿಟ್ಟವರಿಗೆ, ನೆಟ್ ತೆಗೆದು ಹಾಗೆಯೇ ಓಡಿಸಿ ಎನ್ನುತ್ತೇನೆ.

ಪ್ರೆಸ್ಸುಗಳನ್ನು ಪೇಜ್‌ಮೇಕರಿನಿಂದ ನಿಧಾನವಾಗಿ ಕದಲಿಸುತ್ತಿರುವುದು ವಾಟ್ಸಾಪ್. ಗಿರಾಕಿಗಳು ಮ್ಯಾಟರ್ ಅನ್ನು ಈಗ ಮೊಬೈಲಿನಲ್ಲಿ ಕನ್ನಡದಲ್ಲೇ ಟೈಪ್ ಮಾಡಿ ಕಳಿಸುತ್ತಾರೆ. ಅದು ಯೂನಿಕೋಡ್. ಪೇಜ್‌ಮೇಕರಿಗೆ ಅಂಟಿಸಿದರೆ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ನಾನು ಹೋಗುವ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವ ಅಕ್ಕ ಮೊದಲು ಎಲ್ಲವನ್ನೂ ಹಳೆಯ ಫಾಂಟಿಗೆ ತಿರುಗಿಸಿಕೊಳ್ಳುತ್ತಿದ್ದರು. ಈಗ ಬೇಸತ್ತು ಹೊಸ ಕೆಲಸಗಳನ್ನು ಹೊಸ ಕಂಪ್ಯೂಟರಿನಲ್ಲೇ ಮಾಡುತ್ತಾರೆ, ಮರುಮುದ್ರಣಕ್ಕೆ ಮಾತ್ರ ಕುರ್ಚಿ ಸರಿಸಿಕೊಂಡು ಎಕ್ಸ್‌ಪಿ ಕಡೆಗೆ ಬರುತ್ತಾರೆ. ಯಜಮಾನರಿಗೆ ಇದರಿಂದ ಪೂರ್ತಿ ಧೈರ್ಯ ಬಂದಿಲ್ಲ. ಮೊನ್ನೆ ಪ್ಯಾರಲಲ್ ಪೋರ್ಟ್ ಇರುವ ಹಳೆಯ ಮದರ್‌ಬೋರ್ಡ್ ಒಂದನ್ನು ಹುಬ್ಬಳ್ಳಿಯಿಂದ ತರಿಸಿ ಇಡು ಎಂದು ಮುಂಗಡ ಕೊಟ್ಟಿದ್ದಾರೆ.